ಟೈಗರ್ ವುಡ್ಸ್‌ಗೆ 50 ತುಂಬಿತು. ಇನ್ನೊಂದು ಸಲ ಏಳ್ತಾನಾ? (ಹಪ್ಪಳದ ಬಾಜಿ ಉಂಟು, ಯೋಚಿಸಿ ಹೇಳಿ)

ಪೆರ್ಲದ ಪುಳ್ಳಿ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಯಾವಾಗಲೂ ಅಡಿಕೆ ರೇಟು, ಆಟ-ಕೂಟ, ಬಸ್ಸಿನ ಕನ್ನಡ ಬೋರ್ಡು, ಇದೇ ಮಾತು. ಇವತ್ತು ಸ್ವಲ್ಪ ದಾರಿ ತಪ್ಪುತ್ತೇನೆ, ಬೈಬೇಡಿ.

ಹೊಸ ವರ್ಷಕ್ಕೆ ಪುತ್ತೂರಿನ ಭಾವ ಮನೆಗೆ ಬಂದಿದ್ದರು. ಊಟ ಆಗಿ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಾಗ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಸುದ್ದಿ ಬಂತು. 2025ರ ಡಿಸೆಂಬರ್ 30ಕ್ಕೆ ಅವನಿಗೆ 50 ತುಂಬಿತಲ್ಲ. "ಅವನದ್ದು ಮುಗಿದ ಕತೆ ಮಾರಾಯ, ಇನ್ನು ಮಗನ ಆಟ ನೋಡಿಕೊಂಡು ಕೂರುವುದು ಒಳ್ಳೆಯದು" ಅಂದರು ಭಾವ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಜಿ ಕಟ್ಟಿಯೇಬಿಟ್ಟೆ. 2027 ಮುಗಿಯುವುದರೊಳಗೆ ಅವನು ಒಂದು ಟೂರ್ನಿ ಗೆದ್ದರೆ ಭಾವ ನನಗೆ 500 ಹಲಸಿನ ಹಪ್ಪಳ ಕೊಡಬೇಕು. ಇಲ್ಲದಿದ್ದರೆ ನಾನು ಕೊಡಬೇಕು. ಅಂಗಡಿಯದ್ದು ಆಗಲಿಕ್ಕಿಲ್ಲ, ಮನೆಯಲ್ಲೇ ಒತ್ತಿದ್ದು ಆಗಬೇಕು.

ನನ್ನ ವಾದ ಇಷ್ಟೇ. ಈ ಮನುಷ್ಯ ಒಂದು ಸಲ ಪಾತಾಳ ನೋಡಿ ಬಂದವ. ಒಟ್ಟು 683 ವಾರ ನಂಬರ್ ಒನ್ ಆಗಿದ್ದವ 2017ರ ಕೊನೆಗೆ 1,199ನೇ ಜಾಗಕ್ಕೆ ಇಳಿದಿದ್ದ. ಅದೇ ವರ್ಷ ಏಪ್ರಿಲ್‌ನಲ್ಲಿ ಬೆನ್ನುಮೂಳೆ ಬೆಸೆಯುವ ಆಪರೇಷನ್. ಮೇ ತಿಂಗಳಲ್ಲಿ ಕಾರಿನೊಳಗೆ ನಿದ್ದೆ ಹೋಗಿ ಪೊಲೀಸರ ಕೈಗೆ ಸಿಕ್ಕಿದ್ದ. ಅಲ್ಲಿಂದ ಎರಡೇ ವರ್ಷಕ್ಕೆ, 43ನೇ ವಯಸ್ಸಿನಲ್ಲಿ, 2019ರ ಮಾಸ್ಟರ್ಸ್ (ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಟೂರ್ನಿ, ಅಂದರೆ ಮೇಜರ್‌ಗಳಲ್ಲಿ ಒಂದು) ಗೆದ್ದ.

ಆ ರಾತ್ರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರುದಿನ ಬಿಸು, ನಮ್ಮ ತುಳುನಾಡಿನ ಹೊಸ ವರ್ಷ. ಅಲ್ಲಿ ಗುಡುಗು ಮಳೆ ಬರುವ ಹೆದರಿಕೆಗೆ ಆಟ ಬೆಳಿಗ್ಗೆ ಬೇಗ ಶುರು ಮಾಡಿದ್ದರು, ಹಾಗಾಗಿ ನಮಗೆ ನಡುರಾತ್ರಿ ಹೊತ್ತಿಗೆ ಮುಗಿಯಿತು. ಅಮ್ಮ ದೇವರ ಕೋಣೆಯಲ್ಲಿ ಕಣಿ ಇಡುತ್ತಿದ್ದರು. ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ, ಕೊನ್ನೆ ಹೂ ಎಲ್ಲ ಜೋಡಿಸಿ, "ಟಿವಿ ಆರಿಸು, ಬೆಳಿಗ್ಗೆ ಎದ್ದು ಮೊದಲು ಇದನ್ನು ನೋಡಬೇಕು" ಅಂತ ಬೈಯುತ್ತಿದ್ದರು. ಈಚೆ ಟಿವಿಯಲ್ಲಿ ಹನ್ನೆರಡನೇ ಹೋಲ್ (ಚೆಂಡು ಹಾಕುವ ಗುಳಿ). ಮುಂದಿದ್ದ ಮೊಲಿನಾರಿ ಚೆಂಡನ್ನು ನೀರಿಗೆ ಹಾಕಿದ. ಟೈಗರ್ ಬಾವುಟದ ಆಸೆಗೆ ಬೀಳಲಿಲ್ಲ. ಗ್ರೀನ್‌ನ (ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ನಡುವಿಗೆ ಹೊಡೆದು ಸುಮ್ಮನೆ ನಡೆದ. ಆ ವರ್ಷ ನಾನು ಕಂಡ ಕಣಿ ಸೌತೆಕಾಯಿ ಅಲ್ಲ, ಟೈಗರ್‌ನ ಕೆಂಪು ಅಂಗಿ.

ಆದರೆ ನಿಜ ಹೇಳಬೇಕಾದರೆ, ಭಾವ ಹೋದ ಮೇಲೆ ನನಗೂ ಸ್ವಲ್ಪ ಪುಕುಪುಕು. 2021ರ ಕಾರ್ ಅಪಘಾತದಲ್ಲಿ ಬಲಗಾಲು ನುಚ್ಚುನೂರಾಗಿದೆ. ಒಬ್ಬ ಮನುಷ್ಯ ಎಷ್ಟು ಸಲ ಏಳಬಹುದು? ಗೊತ್ತಿದ್ದವರು ಹೇಳಿ.

ಉಪ್ಪಳ ಎಕ್ಸ್‌ಪ್ರೆಸ್:
ನಮಗೆ ಗಲ್ಫ್ ಗೊತ್ತು, ಗಾಲ್ಫ್ ಗೊತ್ತಿಲ್ಲ. ಹಪ್ಪಳ ಯಾವಾಗ?

ಲೆಕ್ಕ ಪಕ್ಕಾ:
ಪುಳ್ಳಿ, ಹಲಸಿನ ಮರ ನೋಡಿ ಇಟ್ಟುಕೊಳ್ಳಿ. ನೀವೇ ಒತ್ತಬೇಕಾಗುತ್ತದೆ.

ಅವನು ಕೊನೆಯ ಸಲ ಗೆದ್ದದ್ದು 2019ರ ಅಕ್ಟೋಬರ್‌ನಲ್ಲಿ, ಜಪಾನಿನಲ್ಲಿ. ಅದು 82ನೇ ಗೆಲುವು, ಸ್ಯಾಮ್ ಸ್ನೀಡ್ ದಾಖಲೆಗೆ ಸಮ. ಅಲ್ಲಿಂದ ಈಚೆಗೆ ಸೊನ್ನೆ. ಅಪಘಾತ ಆದ ಮೇಲೆ 2022ರ ಮಾಸ್ಟರ್ಸ್‌ನಲ್ಲಿ 47ನೇ ಸ್ಥಾನ. 2023ರಲ್ಲಿ ಕಟ್ (ಎರಡು ದಿನ ಆದ ಮೇಲೆ ಹಿಂದೆ ಬಿದ್ದವರನ್ನು ಕೈಬಿಡುವ ಗೆರೆ) ದಾಟಿದ, ಆಮೇಲೆ ಆಟ ಅರ್ಧಕ್ಕೆ ಬಿಟ್ಟ, ಪಾದದ ಗಂಟಿಗೆ ಆಪರೇಷನ್. 2024ರಲ್ಲಿ ನಾಲ್ಕೂ ಮೇಜರ್‌ಗೆ ಬಂದ, ಮಾಸ್ಟರ್ಸ್ ಒಂದರಲ್ಲೇ ಕಟ್ ದಾಟಿದ. ಅಲ್ಲಿ ಮೂರನೇ ದಿನ 82 ಹೊಡೆತ (ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಆದಷ್ಟೂ ಒಳ್ಳೆಯದು). ಮೇಜರ್‌ಗಳಲ್ಲಿ ಅವನ ಅತಿ ಕೆಟ್ಟ ಸ್ಕೋರು. ಕಟ್ ದಾಟಿದವರು 60 ಜನ, ಇವನು 60ನೆಯವ. ಆ ವರ್ಷದ ಜುಲೈ ನಂತರ 2025 ಮುಗಿಯುವ ತನಕ ಒಂದೂ ದೊಡ್ಡ ಟೂರ್ನಿ ಆಡಿಲ್ಲ. 2025ರ ಮಾರ್ಚ್‌ನಲ್ಲಿ ಎಡಗಾಲಿನ ಹಿಮ್ಮಡಿ ನರ ಹರಿಯಿತು, ಅಕ್ಟೋಬರ್‌ನಲ್ಲಿ ಬೆನ್ನಿಗೆ ಮತ್ತೆ ಕತ್ತರಿ.

ಇದರಲ್ಲಿ ಏಳುವ ಲಕ್ಷಣ ನಿಮಗೆ ಎಲ್ಲಿ ಕಂಡಿತು?

ಪೆರ್ಲದ ಪುಳ್ಳಿ:
2017ರಲ್ಲೂ ಇದೇ ಥರ ಪಟ್ಟಿ ಓದಿದ್ದರು ಮಾರಾಯ್ರೆ.

ಕುಂಬಳೆ ಫ್ಯಾನ್:
ನಮ್ಮೂರಿನ ಹೆಸರು ಹೊತ್ತವರ ಕತೆಯನ್ನೇ ನೋಡಿ. ಅನಿಲ್ ಕುಂಬ್ಳೆ ಭುಜದ ಆಪರೇಷನ್ ಮಾಡಿಸಿಕೊಂಡು 2001ರ ಆಸ್ಟ್ರೇಲಿಯಾ ಸರಣಿ ಪೂರ್ತಿ ತಪ್ಪಿಸಿಕೊಂಡರು. ಹರ್ಭಜನ್ ಬಂದಾಯಿತು, ಇನ್ನು ಇವರ ಕಾಲ ಆಯಿತು ಅಂತ ಎಲ್ಲರೂ ಬರೆದರು. ಒಟ್ಟು 619 ಟೆಸ್ಟ್ ವಿಕೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಆಪರೇಷನ್ ಆದ ಮೇಲೆಯೇ. 2002ರಲ್ಲಿ ಆಂಟಿಗುವಾದಲ್ಲಿ ಒಡೆದ ದವಡೆಗೆ ಬಟ್ಟೆ ಕಟ್ಟಿಕೊಂಡು ಲಾರಾನನ್ನು ಔಟ್ ಮಾಡಿದ್ದೂ ಆಮೇಲೆಯೇ. ಛಲ ಇದ್ದವನಿಗೆ ಶರೀರ ಹೇಳಿದ್ದು ಕೇಳುತ್ತದೆ.

ಲೆಕ್ಕ ಪಕ್ಕಾ:
ಭುಜದ ಆಪರೇಷನ್ ಹೊತ್ತಿಗೆ ಕುಂಬ್ಳೆಗೆ 30 ವರ್ಷ. 50 ಅಲ್ಲ. 38ಕ್ಕೆ ನಿವೃತ್ತಿ ಆಯಿತು. ಮುಂದೆ?

ಕುಂಬಳೆ ಫ್ಯಾನ್:
ಗಾಲ್ಫ್‌ನಲ್ಲಿ ಓಡಲಿಕ್ಕೆ ಇಲ್ಲವಲ್ಲ. ನಿಂತ ಚೆಂಡಿಗೆ ಹೊಡೆಯುವುದು. ವಯಸ್ಸಿಗೆ ಅಷ್ಟು ಲೆಕ್ಕ ಇಲ್ಲ.

ನೀರ್ಚಾಲಿನ ಮಾಷ್ಟ್ರು:
ನಿಂತ ಚೆಂಡು ಎಂದು ಸಸಾರ ಮಾಡಬೇಡಿ. ಬರುವ ಚೆಂಡಾದರೆ ಯೋಚನೆಗೆ ಸಮಯ ಇರುವುದಿಲ್ಲ. ನಿಂತ ಚೆಂಡಿನ ಮುಂದೆ ಯೋಚನೆ ಮಾಡಲು ಬೇಕಾದಷ್ಟು ಸಮಯ. ಕೆಡುವುದೇ ಅಲ್ಲಿ.

ವಯಸ್ಸಿನ ವಿಷಯಕ್ಕೆ ಬರೋಣ. ನಿವೃತ್ತನಾದ ಮೇಲೆ ನಾನು ನಾಲ್ಕು ಮೇಜರ್‌ಗಳನ್ನೂ ತಪ್ಪದೆ ನೋಡುವವ, ಮನೆಯಾಕೆ ಸಾಕ್ಷಿ. ಜ್ಯಾಕ್ ನಿಕ್ಲಸ್ 1986ರಲ್ಲಿ ಮಾಸ್ಟರ್ಸ್ ಗೆದ್ದಾಗ 46 ವರ್ಷ. ಆಟ ಶುರು ಆಗುವ ಮೊದಲು ಅಟ್ಲಾಂಟಾದ ಪತ್ರಿಕೆಯೊಂದು 'ಇವರ ಕಾಲ ಮುಗಿಯಿತು' ಎಂಬ ಧಾಟಿಯಲ್ಲಿ ಬರೆದಿತ್ತು. ಅವರು ಉಳಿದುಕೊಂಡಿದ್ದ ಮನೆಯ ಫ್ರಿಜ್ಜಿಗೆ ಗೆಳೆಯನೊಬ್ಬ ಆ ತುಂಡನ್ನು ಅಂಟಿಸಿಟ್ಟ. ದಿನಾ ಹಾಲು ತೆಗೆಯುವಾಗ ಕಾಣಬೇಕಲ್ಲ! ಕೊನೆಯ ದಿನ 65 ಹೊಡೆದರು, ಕಡೆಯ ಒಂಬತ್ತು ಹೋಲ್ 30ರಲ್ಲಿ. ಫಿಲ್ ಮಿಕಲ್ಸನ್ 2021ರಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದಾಗ 50. ಟಾಮ್ ವಾಟ್ಸನ್ 59ನೇ ವಯಸ್ಸಿನಲ್ಲಿ, 2009ರ ಬ್ರಿಟಿಷ್ ಓಪನ್‌ನಲ್ಲಿ, ಕೊನೆಯ ಹೋಲ್ ಪಾರ್ (ನಿಗದಿಯಾದ ಹೊಡೆತದಲ್ಲಿ ಮುಗಿಸುವುದು) ಮಾಡಿದ್ದರೆ ಸಾಕಿತ್ತು. ಒಂದು ಹೊಡೆತ ಜಾಸ್ತಿ ಆಯಿತು, ಸ್ಕೋರು ಸಮ ಆಗಿ ಪ್ಲೇಆಫ್‌ನಲ್ಲಿ ಸೋತರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆನ್ ಹೋಗನ್ ಕತೆ ಇನ್ನೂ ದೊಡ್ಡದು. 1949ರ ಫೆಬ್ರವರಿಯಲ್ಲಿ ಅವರ ಕಾರಿಗೆ ಎದುರಿನಿಂದ ಬಸ್ಸು ಗುದ್ದಿತು. ಹೆಂಡತಿಯನ್ನು ಉಳಿಸಲು ಅವಳ ಮೇಲೆ ಅಡ್ಡ ಬಿದ್ದರು. ಸೊಂಟದ ಎಲುಬು, ಕೊರಳೆಲುಬು, ಪಾದದ ಗಂಟು ಎಲ್ಲ ಮುರಿಯಿತು. ಹದಿನಾರು ತಿಂಗಳಿಗೆ ಯು.ಎಸ್. ಓಪನ್ ಗೆದ್ದರು. 1953ರಲ್ಲಂತೂ ಒಂದೇ ವರ್ಷ ಮೂರು ಮೇಜರ್.

ಆದ್ದರಿಂದ 'ಆಗುವುದೇ ಇಲ್ಲ' ಎನ್ನುವವರು ಸ್ವಲ್ಪ ತಡೆಯಿರಿ.

ಉಪ್ಪಳ ಎಕ್ಸ್‌ಪ್ರೆಸ್:
ಮಾಷ್ಟ್ರೆ, ಪರೀಕ್ಷೆಗೆ ಇದರಿಂದ ಎಷ್ಟು ಮಾರ್ಕಿನ ಪ್ರಶ್ನೆ ಬರ್ತದೆ?

ಸೊಂಟ ತಜ್ಞ:
ಮಾಷ್ಟ್ರ ಪಟ್ಟಿಯಲ್ಲಿ ಒಂದು ಗಮನಿಸಿ. ನಿಕ್ಲಸ್, ಮಿಕಲ್ಸನ್, ವಾಟ್ಸನ್ ಮೂವರಿಗೂ ವಯಸ್ಸಾಗಿತ್ತು, ಆದರೆ ಅಪಘಾತದಲ್ಲಿ ಶರೀರ ಮುರಿದಿರಲಿಲ್ಲ (ವಾಟ್ಸನ್‌ಗೆ ತೊಡೆಯ ಕೀಲು ಮಾತ್ರ ಬದಲಿಸಿದ್ದರು). ಹೋಗನ್ ಮುರಿದಿದ್ದರು, ಆದರೆ ಆಗ ವಯಸ್ಸು 36. ಟೈಗರ್‌ಗೆ ಎರಡೂ ಒಟ್ಟಿಗೆ.

ನಾನು ಮಂಗಳೂರಿನಲ್ಲಿ ಫಿಸಿಯೋ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯ ತೋಟದವರು. ಅವರಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ಸೊಂಟದಲ್ಲಿ ಐದು ಮಣಿ, ಅದರ ಕೆಳಗೆ ಒಂದು ದೊಡ್ಡ ಎಲುಬು. 2017ರಲ್ಲಿ ಐದನೇ ಮಣಿಯನ್ನು ಆ ಎಲುಬಿಗೆ ಬೆಸೆದರು. ಬೆಸೆದ ಮೇಲೆ ಮೈ ತಿರುಗುವುದಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಸೊಂಟದ ಮಣಿಗಳು ಮೊದಲಿನಿಂದಲೂ ತಿರುಗುವುದು ತೀರಾ ಕಡಿಮೆ. ಗಾಲ್ಫ್ ಹೊಡೆತದಲ್ಲಿ ತಿರುಗುವುದು ಮೇಲು ಬೆನ್ನು ಮತ್ತು ತೊಡೆಯ ಕೀಲು. ಅದಕ್ಕೇ 2019 ಸಾಧ್ಯವಾಯಿತು. ನೋವು ಹೋಯಿತು, ಆಟ ಉಳಿಯಿತು.

ಆದರೆ ಬೆಸೆದದ್ದಕ್ಕೆ ಒಂದು ಬೆಲೆ ಇದೆ. ಅಲ್ಲಿ ಬೀಳುತ್ತಿದ್ದ ಭಾರ ಮೇಲಿನ ಡಿಸ್ಕಿಗೆ ಹೋಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಬದಲಿಸಿದ ಡಿಸ್ಕ್ ಯಾವುದು? ಬೆಸೆದ ಜಾಗಕ್ಕಿಂತ ಸರೀ ಒಂದು ಮೆಟ್ಟಿಲು ಮೇಲಿನದ್ದು.

ಇನ್ನು ಕಾಲು. 2023ರಲ್ಲಿ ಬೆಸೆದದ್ದು ಪಾದದ ಗಂಟಿನ ಕೆಳಗಿನ ಕೀಲು. ಪಾದವನ್ನು ಮೇಲೆ ಕೆಳಗೆ ಮಾಡುವುದು ಅದಲ್ಲ, ಅಡ್ಡಕ್ಕೆ ವಾಲಿಸುವುದು ಅದು. ಓರೆಯಾದ ನೆಲದಲ್ಲಿ ನಿಲ್ಲುವಾಗ ನಿಮ್ಮ ಪಾದ ತಾನೇ ವಾಲಿಕೊಳ್ಳುತ್ತದಲ್ಲ, ಅದು ಅವನಿಗೆ ಇಲ್ಲ. ಮಾಸ್ಟರ್ಸ್ ನಡೆಯುವ ಅಗಸ್ಟಾ ಟಿವಿಯಲ್ಲಿ ಚಪ್ಪಟೆ ಕಾಣುತ್ತದೆ. ಅದು ಪೂರ್ತಿ ಗುಡ್ಡ, ಸುಮಾರು 7,500 ಗಜ ಉದ್ದ, ನಾಲ್ಕು ದಿನ. ನಮ್ಮ ಬಾಯಾರು ಪದವಿನಿಂದ (ಗುಡ್ಡದ ಮೇಲಿನ ಬಯಲು) ತೋಟಕ್ಕೆ ಇಳಿದು ಹತ್ತಿದ ಹಾಗೆ ಅಂತ ಇಟ್ಟುಕೊಳ್ಳಿ.

ಪೆರ್ಲದ ಪುಳ್ಳಿ:
ಡಾಕ್ಟ್ರೇ, ನೀವು ಭಾವನ ಕಡೆಯವರಾ?

ಸೊಂಟ ತಜ್ಞ:
ನಾನು ಸೊಂಟದ ಕಡೆ.

ದುಬೈ ಬಿಟ್ಟವ:
ಇಷ್ಟೆಲ್ಲ ಓದಿದ ಮೇಲೆ ನಾನೂ ನಾಲ್ಕು ಮಾತು ಬರೆಯುತ್ತೇನೆ. ಕನ್ನಡ ಬರೆದು ತುಂಬಾ ಕಾಲ ಆಯಿತು, ತಪ್ಪಿದ್ದರೆ ಮಾಷ್ಟ್ರು ಕ್ಷಮಿಸಬೇಕು.

ನಾನು ಕುಂಬಳೆಯವ. ದುಬೈಯಲ್ಲಿ ಹದಿನಾಲ್ಕು ವರ್ಷ ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಕೆಲಸ. ಮೂರೂವರೆಗೆ ಏಳುವುದು, ಬೆಳಕು ಹರಿಯುವ ಮೊದಲು ಗ್ರೀನ್ ಕತ್ತರಿಸುವುದು, ಬಂಕರಿನ ಮರಳು ಹರವುವುದು. ಮನೆಯವರು ಕೇಳಿದರೆ 'ಗಾರ್ಡನ್ ಕೆಲಸ' ಅನ್ನುತ್ತಿದ್ದೆ. ಗಾಲ್ಫ್ ಅಂದರೆ ಅಮ್ಮ ಗಲ್ಫ್ ಅಂತಲೇ ತಿಳಿಯುತ್ತಿದ್ದರು.

2008ರ ಡೆಸರ್ಟ್ ಕ್ಲಾಸಿಕ್‌ಗೆ ಟೈಗರ್ ಬಂದಿದ್ದ. ಕೊನೆಯ ದಿನ ಹಿಂದೆ ಬಿದ್ದಿದ್ದವ 65 ಹೊಡೆದ. ಕೊನೆಯ ಹೋಲ್‌ನಲ್ಲಿ ಉದ್ದದ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಹಾಕಿ, ಕೈಮರ್ ಎಂಬ ಹುಡುಗನನ್ನು ಒಂದೇ ಹೊಡೆತದಿಂದ ಹಿಂದೆ ಹಾಕಿದ. ನಾನು ಹಗ್ಗದ ಈಚೆ, ಕುಂಟೆ ಹಿಡಿದು ನಿಂತಿದ್ದೆ. ಎಲ್ಲರೂ ಪಟ್ ನೋಡಿದರು. ನಾನು ನೋಡಿದ್ದು ನಡಿಗೆ. ಹೊಡೆದ ಕೂಡಲೇ ಕೋಲನ್ನು ಚೀಲ ಹೊರುವ ಕ್ಯಾಡಿಗೆ ಕೊಟ್ಟು ಹೊರಟರೆ ಸಂಗಡ ಆಡುವವರು ಓಡಿಕೊಂಡು ಬರಬೇಕು. ಬಂಕರ್ ಕೆಲಸದವನಿಗೆ ಹೆಜ್ಜೆ ಗುರುತು ಓದುವ ಚಟ ಬಂದುಬಿಡುತ್ತದೆ. ಕೆಲವರು ಮರಳಿನಿಂದ ಹೊರಗೆ ಬರಲಿಕ್ಕೆ ಐದಾರು ಹೆಜ್ಜೆ ತುಳಿದು ಬದಿ ಕುಸಿಯುವ ಹಾಗೆ ಮಾಡುತ್ತಾರೆ. ಇವನದ್ದು ಎರಡೇ ಹೆಜ್ಜೆ, ಆಳವಾಗಿ.

2017ರಲ್ಲಿ ಅದೇ ಟೂರ್ನಿಗೆ ಮತ್ತೆ ಬಂದ. ಮೊದಲ ದಿನ 77, ಒಂದು ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಇಲ್ಲ. ಮರುದಿನ ಬೆನ್ನು ಹಿಡಿದಿದೆ ಅಂತ ಹೊರಟುಹೋದ. ಆ ದಿನ ಅವನು ಇಳಿಜಾರಿನಲ್ಲಿ ಇಳಿಯುವುದು ನೋಡಬೇಕಿತ್ತು. ಮಳೆಗಾಲದಲ್ಲಿ ಅಜ್ಜಂದಿರು ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಇಳಿಯುತ್ತಾರಲ್ಲ, ಹಾಗೆ. ರಾತ್ರಿ ರೂಮಿಗೆ ಬಂದು ನಾನೇ ಹೇಳಿದೆ, "ಇವನದ್ದು ಆಯಿತು, ಇನ್ನು ಬರುವುದಿಲ್ಲ" ಅಂತ. ಕಣ್ಣೂರಿನ ಹುಡುಗ ಒಬ್ಬ ಸಂಗಡ ಇದ್ದ. ಅವನೂ ಹೌದು ಅಂದ.

ಎರಡು ವರ್ಷ ಕಳೆದು ಮಾಸ್ಟರ್ಸ್ ಗೆದ್ದಾಗ ಆ ಹುಡುಗ ನನಗೆ ಫೋನ್ ಮಾಡಿ ಒಂದು ಗಂಟೆ ನಕ್ಕ.

ಹಾಗಾಗಿ ನಾನು ಭವಿಷ್ಯ ಹೇಳುವುದು ಬಿಟ್ಟಿದ್ದೇನೆ. ಆದರೆ 2024ರಲ್ಲಿ ಟಿವಿಯಲ್ಲಿ ನೋಡಿದೆ. ಹೊಡೆತ ಚೆನ್ನಾಗಿಯೇ ಇತ್ತು. ಎರಡು ದಿನ ಗಾಳಿಯಲ್ಲೂ ನಿಭಾಯಿಸಿ ಸತತ 24ನೇ ಸಲ ಮಾಸ್ಟರ್ಸ್ ಕಟ್ ದಾಟಿದ, ಅದೇ ಒಂದು ದಾಖಲೆ. ಮೂರನೇ ದಿನ 82. ಕೈ ಮರೆತದ್ದಲ್ಲ ಅದು, ಕಾಲು ಸಾಕು ಅಂದದ್ದು.

ಹಪ್ಪಳ ಒತ್ತುವವಳು:
ಒಂದು ಮಾತು ಕೇಳ್ತೇನೆ. ಬಾಜಿ ಕಟ್ಟಿದ್ದು ಭಾವ-ಭಾವ. 500 ಹಪ್ಪಳ ಒತ್ತುವುದು ಯಾರು?

ಪೆರ್ಲದ ಪುಳ್ಳಿ:
ಅಕ್ಕಾ, ಅದು ಎಲ್ಲರೂ ಸೇರಿ...

ಹಪ್ಪಳ ಒತ್ತುವವಳು:
ಯಾವ ಎಲ್ಲರೂ? ಸೊಳೆ ಬಿಡಿಸಿ, ಬೇಯಿಸಿ, ಬಿಸಿ ಇರುವಾಗಲೇ ರುಬ್ಬಿ, ಉಂಡೆ ಮಾಡಿ, ಒತ್ತಿ, ಚಾಪೆಯಲ್ಲಿ ಹರಡಿ, ಕಾಗೆ ಓಡಿಸಿ, ಸಂಜೆ ಮಗುಚಿ ಹಾಕಿ. ನನ್ನ ಸೊಂಟಕ್ಕೂ ಆ ಫಿಸಿಯೋದವರು ಒಂದು ಮಾತು ಹೇಳಲಿ.

ಉಪ್ಪಳ ಎಕ್ಸ್‌ಪ್ರೆಸ್:
ಟೈಗರ್‌ನ ಡಿಸ್ಕಿಗಿಂತ ಇದು ದೊಡ್ಡ ಸಮಸ್ಯೆ.

ಚೌಕಿಯ ಮೂಲೆ:
ನನಗೆ ಗಾಲ್ಫ್ ಅ ಆ ಇ ಈ ಗೊತ್ತಿಲ್ಲ. ಆದರೆ ದುಬೈ ಅಣ್ಣ ಬರೆದದ್ದು ಓದಿ ಒಬ್ಬರ ನೆನಪಾಯಿತು. ನಮ್ಮ ಕಡೆಯ ಯಕ್ಷಗಾನ ಮೇಳದಲ್ಲಿ ಪುಂಡುವೇಷ (ಚುರುಕಿನ ಕುಣಿತದ ಹರೆಯದ ವೀರರ ಪಾತ್ರ) ಮಾಡುತ್ತಿದ್ದವರು. ಹೆಸರು ಬೇಡ, ಈಗಲೂ ಇದ್ದಾರೆ. ಅವರ ಅಭಿಮನ್ಯು ಅಂದರೆ ರಾತ್ರಿ ಎರಡು ಗಂಟೆಗೆ ಮಲಗಿದವರು ಎದ್ದು ಕೂರುತ್ತಿದ್ದರು. ಚೆಂಡೆ ಏರಿದ ಹಾಗೆ ದಿಗಿಣ (ಸುತ್ತಿ ಹಾರುವ ಕುಣಿತ). ಜನ ಬಾಯಲ್ಲಿ ಎಣಿಸುತ್ತಿದ್ದರು.

ನಲವತ್ತೆಂಟಕ್ಕೆ ಮಂಡಿ ಹೋಯಿತು. ಒಂದು ವರ್ಷ ತಿರುಗಾಟ ಬಿಟ್ಟರು. ಮರುವರ್ಷ ಬಂದು ಮತ್ತೆ ಅಭಿಮನ್ಯುವನ್ನೇ ಕೇಳಿದರು, ಮೇಳದವರು ಮಾತು ಮೀರಲಾಗದೆ ಕೊಟ್ಟರು. ನಾನು ಅವತ್ತು ಚೌಕಿಯಲ್ಲಿದ್ದೆ, ವೇಷ ಕಟ್ಟುವ ಜಾಗದಲ್ಲಿ. ಗೆಜ್ಜೆ ಕಟ್ಟುವ ಮೊದಲು ಮಂಡಿಗೆ ಕ್ರೇಪ್ ಬ್ಯಾಂಡೇಜು ಸುತ್ತಿ, ಅದು ಕಾಣದ ಹಾಗೆ ಮೇಲಿಂದ ಬಟ್ಟೆ ಸುತ್ತುತ್ತಿದ್ದರು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ಬೆನ್ನು ತಿರುಗಿಸಿದರು. ರಂಗಸ್ಥಳಕ್ಕೆ ಹೋದರು. ಹದಿನೈದು ದಿಗಿಣ ಹಾರಿದರು. ಜನ ಚಪ್ಪಾಳೆ ಹೊಡೆದರು. ಭಾಗವತರಿಗೆ ಮಾತ್ರ ಗೊತ್ತಾಯಿತು, ಲಯ ಒಂದು ಕೂದಲು ಹಿಂದೆ ಬರುತ್ತಿದೆ ಅಂತ. ಅವರು ತಾಳವನ್ನೇ ಸ್ವಲ್ಪ ಎಳೆದು ಹೊಂದಿಸಿದರು.

ಆಮೇಲೆ ಆ ವೇಷ ಬಿಟ್ಟರು. ಈಗ ತಾಳಮದ್ದಳೆ ಕೂಟಕ್ಕೆ ಬರುತ್ತಾರೆ. ಕೂತುಕೊಂಡು ಅರ್ಥ ಹೇಳಿದರೆ ಎದುರಿನವರು ಬೆವರಬೇಕು. ಟೈಗರ್‌ಗೆ ತಾಳಮದ್ದಳೆ ಥರದ್ದು ಏನಾದರೂ ಉಂಟಾ?

ಬೆಂಗಳೂರಲ್ಲಿರುವ ಬಾಯಾರಿನವ:
ಉಂಟು! ಸೀನಿಯರ್ ಟೂರ್, 50 ತುಂಬಿದವರಿಗೆ. ಹೆಚ್ಚಿನ ಟೂರ್ನಿಗಳು ನಾಲ್ಕರ ಬದಲು ಮೂರೇ ದಿನ. ಹೆಚ್ಚಿನ ಕಡೆ ಬಗ್ಗಿಯಲ್ಲಿ (ಗಾಲ್ಫ್ ಮೈದಾನದ ಸಣ್ಣ ಗಾಡಿ) ಕೂತು ಹೋಗಬಹುದು. ನಡಿಗೆಯೇ ಸಮಸ್ಯೆ ಅಂದಮೇಲೆ ಇದಕ್ಕಿಂತ ಒಳ್ಳೆಯದು ಏನಿದೆ?

ಅಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಅಂತ ಒಬ್ಬ ಜರ್ಮನ್ ಅಜ್ಜ ಇದ್ದಾರೆ. 2024ರ ಫೆಬ್ರವರಿಯಲ್ಲಿ ಅವರಿಗೂ ಇದೇ ಹಿಮ್ಮಡಿ ನರ ಹರಿಯಿತು. ಮೂರೇ ತಿಂಗಳಿಗೆ ವಾಪಸ್. ನವೆಂಬರ್‌ನಲ್ಲಿ ಟೂರ್ನಿ ಗೆದ್ದರು, 67 ವರ್ಷಕ್ಕೆ! ಡಿಸೆಂಬರ್‌ನಲ್ಲಿ ಅಪ್ಪ-ಮಕ್ಕಳ ಟೂರ್ನಿಯಲ್ಲಿ ಟೈಗರ್ ಮತ್ತು ಮಗ ಚಾರ್ಲಿಯನ್ನು ಪ್ಲೇಆಫ್‌ನಲ್ಲಿ ಸೋಲಿಸಿದ್ದೂ ಇದೇ ಅಜ್ಜ ಮತ್ತು ಅವರ ಮಗ.

ನಾನು ವಾರಕ್ಕೊಮ್ಮೆ ಆಡುವವ, ಚೆಂಡು ಕಳೆದುಕೊಳ್ಳುವುದರಲ್ಲಿ ನಿಪುಣ. ನನ್ನ ಅನುಭವದಲ್ಲಿ ಮೈಗಿಂತ ತಲೆ ಮೊದಲು ಕೈಕೊಡುತ್ತದೆ. 2015ರಲ್ಲಿ ಟೈಗರ್‌ಗೆ ಅದೂ ಆಗಿತ್ತು. ಫೀನಿಕ್ಸ್‌ನಲ್ಲಿ 82, ಮೆಮೋರಿಯಲ್‌ನಲ್ಲಿ 85. ಗ್ರೀನ್ ಪಕ್ಕದಿಂದ ಚಿಪ್ ಮಾಡುವುದು (ಚೆಂಡನ್ನು ಸಣ್ಣಗೆ ಎತ್ತಿ ಹಾಕುವುದು), ಅಂದರೆ ಮಕ್ಕಳೂ ಮಾಡುವ ಕೆಲಸ, ಅದೇ ಮರೆತುಹೋಗಿತ್ತು. ಇಯಾನ್ ಬೇಕರ್-ಫಿಂಚ್ 1991ರಲ್ಲಿ ಬ್ರಿಟಿಷ್ ಓಪನ್ ಗೆದ್ದವ, 1997ರ ಓಪನ್‌ನಲ್ಲಿ ಮೊದಲ ದಿನ 92 ಹೊಡೆದು ಹೊರಟುಹೋದ. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಆ ರೋಗದಿಂದ ಹೊರಗೆ ಬಂದವರು ತೀರಾ ಕಡಿಮೆ. ಟೈಗರ್ ಬಂದ. ಅದು ನನಗೆ ಮಾಸ್ಟರ್ಸ್‌ಗಿಂತ ದೊಡ್ಡದು.

ಲೆಕ್ಕ ಪಕ್ಕಾ:
ಲ್ಯಾಂಗರ್‌ಗೆ ಒಂದು ಗಾಯ. ಇವನಿಗೆ ಗಾಯದ ಅಂಗಡಿ. ಹೋಲಿಕೆ ಸರಿ ಇಲ್ಲ.

ನೀರ್ಚಾಲಿನ ಮಾಷ್ಟ್ರು:
ಬಗ್ಗಿಯ ವಿಷಯದಲ್ಲಿ ಒಂದು ಮಾತು. ಕೇಸಿ ಮಾರ್ಟಿನ್ ಎಂಬ ಆಟಗಾರನಿಗೆ ಕಾಲಿನ ರಕ್ತನಾಳದ ಕಾಯಿಲೆ. ಬಗ್ಗಿ ಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ 2001ರಲ್ಲಿ ಗೆದ್ದ. ಕಾಲೇಜಿನಲ್ಲಿ ಟೈಗರ್‌ನ ಜೊತೆಗಾರ ಅವನು. ಆದರೂ ದೊಡ್ಡ ಟೂರ್‌ನಲ್ಲಿ ತಾನು ಬಗ್ಗಿ ಹತ್ತುವುದಿಲ್ಲ ಎಂದು ಟೈಗರ್ ಹೇಳಿಕೊಂಡು ಬಂದಿದ್ದಾನೆ. ಹಟಮಾರಿ.

ತೋಟದ ಕೆಲಸ:
ಹಟ ಬಿಟ್ಟರೆ ಬದುಕು ಉಂಟು ಮಾಷ್ಟ್ರೆ. ನಮ್ಮಲ್ಲಿಗೆ ಅಡಿಕೆ ಕೊಯ್ಯಲು ಬರುತ್ತಿದ್ದ ಅಣ್ಣ ಒಬ್ಬರು, ಒಂದು ಮರ ಹತ್ತಿದರೆ ಹದಿನೈದು ಮರ ಕೆಳಗೆ ಇಳಿಯುತ್ತಿರಲಿಲ್ಲ. ಮೇಲೆಯೇ ಮರವನ್ನು ತೂಗಿ, ಪಕ್ಕದ್ದನ್ನು ಹಿಡಿದು, ದಾಟುವುದು. ಕೆಳಗೆ ನಿಂತು ನೋಡಿದರೆ ನಮ್ಮ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಐವತ್ತೆರಡಕ್ಕೆ ಸೊಂಟ ಹಿಡಿಯಿತು. ಮರುವರ್ಷ ಬಂದು ಮರದ ಬುಡದಲ್ಲಿ ಕಾಲಿಗೆ ಮರ ಹತ್ತುವ ತಳೆ ಹಾಕಿ ನಿಂತರು. ಹತ್ತಲಿಲ್ಲ. "ಮೇಲೆ ಹೋದರೆ ಈಗಲೂ ದಾಟುತ್ತೇನೆ ಧಣಿ, ಮೊದಲ ಮರ ಹತ್ತುವುದೊಂದೇ ಆಗುವುದಿಲ್ಲ" ಅಂದರು.

ಈಗ ಕಾರ್ಬನ್ ಫೈಬರ್ ದೋಟಿ ಹಿಡಿದಿದ್ದಾರೆ. ನೆಲದಲ್ಲಿ ನಿಂತು ಅರುವತ್ತು ಅಡಿ ಮೇಲಿನ ಗೊನೆ ಎಳೆಯುತ್ತಾರೆ. ಮೊದಲ ವರ್ಷ ನಾಚಿಕೆಯಿಂದ ಮುಖ ಎತ್ತಲಿಲ್ಲ. ಈಗ ಹುಡುಗರಿಗೆ ದೋಟಿ ಕಲಿಸುವುದೇ ಅವರು. ಟೈಗರ್‌ನ ಡ್ರೈವರ್ ಕೋಲೂ ಅದೇ ಕಾರ್ಬನ್ ಫೈಬರ್ ಅಲ್ವಾ?

ಬೆಂಗಳೂರಲ್ಲಿರುವ ಬಾಯಾರಿನವ:
ಹೌದು, ಗ್ರಾಫೈಟ್ ಅಂತಾರೆ. ಸಾಮಾನು ಒಂದೇ.

ಸೊಂಟ ತಜ್ಞ:
ದೋಟಿಯವರು ಈಗ ಕುತ್ತಿಗೆ ನೋವು ಅಂತ ನನ್ನ ಹತ್ತಿರ ಬರುತ್ತಾರೆ. ಅದು ಬೇರೆ ವಿಷಯ. ಅಕ್ಕನಿಗೆ: ಹಪ್ಪಳ ಒತ್ತುವಾಗ ನೆಲದಲ್ಲಿ ಕೂರಬೇಡಿ, ಮೇಜಿನ ಮೇಲೆ ಮಣೆ ಇಡಿ. ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ.

ಉಪ್ಪಳ ಎಕ್ಸ್‌ಪ್ರೆಸ್:
ನಮ್ಮ ಗಡಿನಾಡಲ್ಲಿ ಗಾಲ್ಫ್ ಮೈದಾನ ಯಾಕಿಲ್ಲ? ಮಳೆಗಾಲದಲ್ಲಿ ಪದವು ಎಲ್ಲ ಹಸಿರೋ ಹಸಿರು.

ದುಬೈ ಬಿಟ್ಟವ:
ಹುಲ್ಲಿನ ಅಡಿಯಲ್ಲಿ ಮುರಕಲ್ಲು. ಒಂದು ಹೊಡೆತಕ್ಕೆ ಕೋಲು ಎರಡು. ಜನವರಿಗೆ ಹುಲ್ಲು ಒಣಗಿ ಬೆಂಕಿ ಬೀಳ್ತದೆ. ಆಡಬೇಕಾದರೆ ಮಂಗಳೂರಿನ ಪಿಲಿಕುಳಕ್ಕೆ ಹೋಗಿ, ಅಲ್ಲಿದೆ.

ಕುಂಬಳೆ ಫ್ಯಾನ್:
ಸಣ್ಣದಿರುವಾಗ ನಾವು ಆಡಿದ ಕುಟ್ಟಿದೊಣ್ಣೆಯೇ ಗಾಲ್ಫ್. ಹೊಡೆಯುವುದು, ಎಲ್ಲಿ ಬಿತ್ತು ಅಂತ ಹುಡುಕುವುದು, ಅಳೆಯುವುದರಲ್ಲಿ ಜಗಳ.

ಪುತ್ತೂರಿನ ಭಾವ:
ಹುಡುಕಿಕೊಂಡು ಬಂದೆ. ನನ್ನ ಬೆನ್ನ ಹಿಂದೆ ಇಷ್ಟು ದೊಡ್ಡ ಪಂಚಾಯಿತಿಯಾ? ಎಲ್ಲ ಓದಿದೆ. ಬಗ್ಗಿಯಲ್ಲಿ ಕೂತು ಅಜ್ಜಂದಿರ ಸಂಗಡ ಗೆದ್ದದ್ದು ಬಾಜಿಯ ಲೆಕ್ಕಕ್ಕೆ ಇಲ್ಲ. ಮೊದಲೇ ಹೇಳಿದ್ದೇನೆ.

ಪೆರ್ಲದ ಪುಳ್ಳಿ:
ಎಲ್ಲಿ ಹೇಳಿದ್ದೀರಿ ಭಾವ? 'ಒಂದು ಟೂರ್ನಿ' ಅಂತ ಮಾತ್ರ ಇತ್ತು. ಅತ್ತೆಯೂ ಕೇಳಿದ್ದಾರೆ.

ಪುತ್ತೂರಿನ ಭಾವ:
ಅತ್ತೆ ಆಗ ನಿದ್ದೆ ಮಾಡ್ತಿದ್ದರು.

ಚೌಕಿಯ ಮೂಲೆ:
ಕೂಟದಲ್ಲಿ ಗೆದ್ದದ್ದು ಗೆಲುವು ಅಲ್ಲವಾ ಭಾವಯ್ಯ? ಅದನ್ನು ಆ ಕಲಾವಿದರ ಎದುರಿಗೆ ಹೇಳಿ ನೋಡೋಣ.

ಪುತ್ತೂರಿನ ಭಾವ:
ಅವರು ಅಭಿಮನ್ಯು ಬಿಟ್ಟಿದ್ದಾರೆ, ನೀವೇ ಬರೆದದ್ದು. ಪುಳ್ಳಿ ಬಾಜಿ ಕಟ್ಟಿದ್ದು ಅಭಿಮನ್ಯುವಿನ ಮೇಲೆ. ಹಳೆಯ ಟೈಗರ್ ಬರ್ತಾನೆ ಅಂತ ಅಲ್ವಾ ಅವತ್ತು ಮೇಜು ಗುದ್ದಿದ್ದು? ಹಾಗೆ ಬಂದರೆ 500 ಕೊಡ್ತೇನೆ. ಬಗ್ಗಿಯಲ್ಲಿ ಗೆದ್ದರೆ 200. ಬೇಕಾದರೆ ಒಪ್ಪಿಕೊ.

ಲೆಕ್ಕ ಪಕ್ಕಾ:
200ಕ್ಕೆ ಒಪ್ಪಿಕೊಳ್ಳಿ ಪುಳ್ಳಿ. ಬಗ್ಗಿಯ ಗೆಲುವು ಆದರೂ ಆಗಬಹುದು, ಅದನ್ನು ನಾನೂ ಅಲ್ಲಗಳೆಯುವುದಿಲ್ಲ. ಇನ್ನೊಂದು ನನ್ನ ಲೆಕ್ಕದಲ್ಲಿ ಬರುವುದೇ ಇಲ್ಲ.

ಪೆರ್ಲದ ಪುಳ್ಳಿ:
300 ಮಾಡಿ ಭಾವ. ಆದರೆ ಏಪ್ರಿಲ್‌ನಲ್ಲಿ ಅಗಸ್ಟಾಕ್ಕೆ ಬಂದು ಗುರುವಾರ ಒಂದು 68 ಹೊಡೆದರೆ ನಾನು ಪುನಃ 500ಕ್ಕೆ ಏರಿಸ್ತೇನೆ, ಈಗಲೇ ಹೇಳಿರುತ್ತೇನೆ.

ದುಬೈ ಬಿಟ್ಟವ:
ಗುರುವಾರದ ಸ್ಕೋರು ನೋಡಬೇಡ ತಮ್ಮಾ. ಶನಿವಾರ ಬೆಳಿಗ್ಗೆ ಇಳಿಜಾರಿನಲ್ಲಿ ಹೇಗೆ ಇಳಿಯುತ್ತಾನೆ ಅಂತ ನೋಡು. ಆಮೇಲೆ ಏರಿಸು.

ಹಪ್ಪಳ ಒತ್ತುವವಳು:
300 ಆಗಲಿ 500 ಆಗಲಿ, ಸೋತವನೇ ಒತ್ತಬೇಕು ಅಂತ ಬಾಜಿಯಲ್ಲಿ ಸೇರಿಸಿ. ಮತ್ತೆ ಇನ್ನೊಂದು: 2027ರ ಡಿಸೆಂಬರ್‌ಗೆ ತೀರ್ಮಾನ ಅಂದರೆ ಆಗ ಹಲಸಿನಕಾಯಿ ಎಲ್ಲಿಂದ ತರ್ತೀರಿ? ಬಲಿತ ಕಾಯಿ ಸಿಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಮಳೆ ಬಂದರೆ ಒಣಗುವುದಿಲ್ಲ.

ಪುತ್ತೂರಿನ ಭಾವ:
ಇದು ಯೋಚಿಸಲೇ ಇಲ್ಲ ನೋಡಿ.